ಅಮ್ಮನ ಬಿಪಿ, ಶುಗರ್ ಮೆಷಿನ್‌ಗಳು: ಹಳ್ಳಿ ಮನೆಯಲ್ಲಿ ಒಂದೂವರೆ ವರ್ಷ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ಅಮ್ಮ ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ವಯಸ್ಸು ಅರವತ್ತೆರಡು. ಹನ್ನೊಂದು ವರ್ಷದಿಂದ ಶುಗರ್, ಆರು ವರ್ಷದಿಂದ ಬಿಪಿ. ಓದು ಬರಹ ಬರುವುದಿಲ್ಲ, ಆದರೆ ಅಂಕಿ ಚೆನ್ನಾಗಿ ಗೊತ್ತು. ನೋಟು ಎಣಿಸುತ್ತಾಳೆ, ಡೈರಿಯ ಚೀಟಿ ನೋಡಿ ಹಾಲಿನ ಲೆಕ್ಕ ಹೇಳುತ್ತಾಳೆ. ಕೈಯಲ್ಲಿರುವುದು ಕೀಪ್ಯಾಡ್ ಫೋನ್. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವ ಹಾಗೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಮೆಷಿನ್‌ಗಳನ್ನು ಕೊಳ್ಳುವ ಮೊದಲು ನಾನು ಎಷ್ಟೋ ರಿವ್ಯೂ ಓದಿದೆ. ಬರೆದವರೆಲ್ಲ ಸ್ಮಾರ್ಟ್‌ಫೋನ್ ಬಳಸುವವರು, ಮನೆ ಹತ್ತಿರವೇ ಲ್ಯಾಬ್ ಇರುವವರು. ನಮ್ಮಮ್ಮನಂಥವರ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ಎಲ್ಲೂ ಸಿಗಲಿಲ್ಲ.

ಶುರುವಾಗಿದ್ದು ಹೀಗೆ. ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಅಮ್ಮ ಹಸುವಿಗೆ ಹುಲ್ಲು ಹಾಕಲು ಹೋದವಳು ತಲೆ ಸುತ್ತಿ ಕೊಟ್ಟಿಗೆಯಲ್ಲೇ ಕೂತುಬಿಟ್ಟಳು. ಪಕ್ಕದ ಮನೆ ಚಿಕ್ಕಮ್ಮ ನೋಡಿ ಫೋನ್ ಮಾಡಿದರು. ಬಿಪಿ ಜಾಸ್ತಿಯಾಗಿತ್ತಾ, ಶುಗರ್ ಇಳಿದಿತ್ತಾ, ಯಾರಿಗೂ ಗೊತ್ತಿಲ್ಲ. ನಾನು ಕೋಲಾರಕ್ಕೆ ಬಂದು, ಬಸ್ ಬದಲಾಯಿಸಿ ಊರು ಸೇರುವಷ್ಟರಲ್ಲಿ ಅವಳು ಎದ್ದು ಸಾರು ಮಾಡುತ್ತಿದ್ದಳು. "ಏನೂ ಇಲ್ಲ ಕಣಮ್ಮ, ಬಿಸಿಲು" ಅಂದಳು. ಜನವರಿಯಲ್ಲಿ ಎಲ್ಲಿಯ ಬಿಸಿಲು? ಆವತ್ತೇ ಮನೆಯಲ್ಲಿ ಮೆಷಿನ್ ಇಡಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಕೊಂಡಿದ್ದು ಮಣಿಕಟ್ಟಿಗೆ ಕಟ್ಟುವ ಬಿಪಿ ಮೆಷಿನ್. ಬೆಲೆ ಕಡಿಮೆ, ವಾಚ್ ಥರ ಚಿಕ್ಕದು, ಅಮ್ಮನಿಗೆ ಸುಲಭ ಅಂದುಕೊಂಡೆ. ಒಂದೇ ಕೂತಲ್ಲಿ ಮೂರು ಸಲ ನೋಡಿದರೆ ಮೂರು ರೀಡಿಂಗ್: 162, 131, 147. ಅದನ್ನು ನಂಬುವುದು ಹೇಗೆ? ಆಮೇಲೆ ಸಬ್‌ಸೆಂಟರ್‌ನ (ಹಳ್ಳಿಯ ಸರ್ಕಾರಿ ಆರೋಗ್ಯ ಉಪಕೇಂದ್ರ) ಸಿಸ್ಟರ್ ಕಾರಣ ಬಿಡಿಸಿ ಹೇಳಿದರು. ಬಿಪಿ ನೋಡುವ ಜಾಗ ಹೃದಯದ ಮಟ್ಟದಲ್ಲೇ ಇರಬೇಕು. ಹತ್ತು ಸೆಂಟಿಮೀಟರ್ ಕೆಳಗಿದ್ದರೂ ರೀಡಿಂಗ್ ಏಳೆಂಟು ಪಾಯಿಂಟ್ ಮೇಲೆ ಹೋಗುತ್ತದೆ. ಮಣಿಕಟ್ಟು ಒಂದು ಕಡೆ ನಿಲ್ಲುವುದಿಲ್ಲ, ಒಮ್ಮೆ ತೊಡೆ ಮೇಲೆ, ಒಮ್ಮೆ ಎದೆ ಹತ್ತಿರ. ಸರಿಯಾಗಿ ಹಿಡಿಯಲು ಬರುವವರಿಗೆ ಅದು ಆಗಬಹುದು. ಹಳ್ಳಿಯಲ್ಲಿ ಒಬ್ಬರೇ ಇರುವ ವಯಸ್ಸಾದವರಿಗೆ ಅದನ್ನು ಕೊಡಿಸಬೇಡಿ.

ಎರಡನೆಯದು ಓಮ್ರಾನ್ ಕಂಪನಿಯ ತೋಳಿಗೆ ಕಟ್ಟುವ ಮೆಷಿನ್. ಬ್ಲೂಟೂತ್ ಗೀಟೂತ್ ಯಾವುದೂ ಇಲ್ಲದ ಸಾದಾ ಮಾಡೆಲ್. ನನಗೆ ಎರಡು ಸಾವಿರದ ಆಸುಪಾಸು ಬಿತ್ತು. ಇದು ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ, ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಕರೆಂಟಿನ ಗೊಡವೆ ಇಲ್ಲ. ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು, ಹಾಗಾಗಿ ಸೆಲ್ಲಿನದೇ ಬೇಕು. ಅಂಕಿ ದಪ್ಪಗೆ ಕಾಣುತ್ತದೆ, ಕನ್ನಡಕ ಇಲ್ಲದೆಯೂ ಅಮ್ಮ ಓದುತ್ತಾಳೆ. ಬಟನ್ ಒತ್ತುವುದು ಒಂದೇ ಕೆಲಸ. ಮೊದಲ ವಾರ ಸಬ್‌ಸೆಂಟರ್‌ಗೆ ತೆಗೆದುಕೊಂಡು ಹೋಗಿ ಅಲ್ಲಿನ ಮೆಷಿನ್ ಜೊತೆ ಇಟ್ಟು ನೋಡಿಸಿದೆ, ಎರಡಕ್ಕೂ ನಾಲ್ಕು ಪಾಯಿಂಟ್ ವ್ಯತ್ಯಾಸ ಅಷ್ಟೆ. ಹೊಸ ಮೆಷಿನ್ ಕೊಂಡ ಯಾರೇ ಆಗಲಿ ಈ ಕೆಲಸ ಒಂದು ಸಲ ಮಾಡಿಬಿಡಿ.

ಕೊಳ್ಳುವಾಗ ಅಂಗಡಿಯವರು ಕೇಳದ ಒಂದು ವಿಷಯ ಇದೆ, ತೋಳಿನ ಅಳತೆ. ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ನಮ್ಮ ಮಾವನ ತೋಳು 35 ಇದೆ. ಅವರಿಗೆ ಇದೇ ಪಟ್ಟಿ ಬಿಗಿಯಾಗಿ ಸುತ್ತಿದರೆ ಬಿಪಿ ಇಲ್ಲದಿದ್ದರೂ ಜಾಸ್ತಿ ತೋರಿಸುತ್ತದೆ. ದಪ್ಪ ತೋಳಿನವರಿಗೆ 42 ಸೆಂಟಿಮೀಟರ್‌ವರೆಗೆ ಬರುವ ಪಟ್ಟಿ ಬೇರೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಟೈಲರ್ ಟೇಪ್ ಹಿಡಿದು ಮೊಣಕೈ ಮತ್ತು ಭುಜದ ಮಧ್ಯೆ ಅಳೆದರೆ ಸಾಕು.

ಇನ್ನು ನೋಡುವ ಕ್ರಮ. ಮೆಷಿನ್‌ಗಿಂತ ಇದೇ ಮುಖ್ಯ. ಐದು ನಿಮಿಷ ಸುಮ್ನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲು ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ಮೂತ್ರಕ್ಕೆ ಹೋಗಿ ಬಂದು ಕೂರಬೇಕು. ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ ಬೇಡ. ಮಾತಾಡಬಾರದು. ಕೊನೆಯದೇ ಅಮ್ಮನಿಗೆ ಕಷ್ಟವಾಗಿದ್ದು, ಯಾಕೆಂದರೆ ಮೆಷಿನ್ ಗುಂಯ್ ಅನ್ನುತ್ತಿದ್ದಂತೆ ಓಣಿಯ ಹೆಂಗಸರೆಲ್ಲ ಬಂದು ಸುತ್ತ ನಿಂತು ಎಷ್ಟು ಬಂತು, ಎಷ್ಟು ಬಂತು ಅಂತ ಕೇಳುತ್ತಿದ್ದರು. ಈಗ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದು, ಸ್ವಲ್ಪ ಹೊತ್ತು ಕೂತು, ಮಾತ್ರೆ ನುಂಗುವ ಮೊದಲು ನೋಡುತ್ತಾಳೆ. ಒಂದು ನಿಮಿಷ ಬಿಟ್ಟು ಎರಡನೇ ಸಲ.

ಇದರಿಂದ ನಮಗೆ ಆದ ಅತಿ ದೊಡ್ಡ ಉಪಕಾರ ಹೇಳಬೇಕು. ಪಿಎಚ್‌ಸಿಗೆ, ಅಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಹೋದಾಗಲೆಲ್ಲ ಅಮ್ಮನ ಬಿಪಿ 158, 160 ಬರುತ್ತಿತ್ತು. ಎರಡು ಕಿಲೋಮೀಟರ್ ನಡೆದು, ಸಾಲಿನಲ್ಲಿ ನಿಂತು, ಡಾಕ್ಟರ್ ಮುಂದೆ ಕೂತ ತಕ್ಷಣ ನೋಡಿದರೆ ಇನ್ನೇನು ಬರುತ್ತದೆ? ಪ್ರತಿ ಸಲ ಮಾತ್ರೆ ಜಾಸ್ತಿ ಮಾಡುವ ಮಾತು. ಈ ಸಲ ಏಳು ದಿನ ಬೆಳಿಗ್ಗೆ ಎರಡು, ಸಂಜೆ ಎರಡು ರೀಡಿಂಗ್ ಬರೆದ ಹಾಳೆ ತೆಗೆದುಕೊಂಡು ಹೋದೆವು. ಡಾಕ್ಟರ್ ಮೊದಲ ದಿನದ್ದು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆದರು. 132/80 ಬಂತು. ಆಸ್ಪತ್ರೆಯಲ್ಲಿ 140/90 ದಾಟಿದರೆ ಜಾಸ್ತಿ ಅನ್ನುತ್ತಾರೆ, ಮನೆಯಲ್ಲಿ ನೋಡಿದ್ದಕ್ಕೆ ಲೆಕ್ಕ 135/85. ಮಾತ್ರೆ ಜಾಸ್ತಿ ಮಾಡುವುದು ಬೇಡ, ಈಗಿನದ್ದೇ ಮುಂದುವರಿಸಿ ಅಂದರು. ಆ ಹಾಳೆ ಇಲ್ಲದಿದ್ದರೆ ಮಾತ್ರೆ ಜಾಸ್ತಿಯಾಗಿ, ಅಮ್ಮ ಮತ್ತೆ ಕೊಟ್ಟಿಗೆಯಲ್ಲಿ ಕೂತುಬಿಡುತ್ತಿದ್ದಳೋ ಏನೋ. ಎಲ್ಲರಿಗೂ ಹೀಗೇ ಅಂತ ಅಲ್ಲ. ಕೆಲವರಿಗೆ ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲೇ ಜಾಸ್ತಿ ಇರುತ್ತದೆ, ಅದು ಇನ್ನೂ ಅಪಾಯ. ಎರಡೂ ಗೊತ್ತಾಗುವುದು ಮನೆಯಲ್ಲಿ ಸರಿಯಾಗಿ ನೋಡಿ ಬರೆದಾಗ ಮಾತ್ರ.

ಇನ್ನು ಶುಗರ್ ಮೆಷಿನ್. ಇದರ ಬಗ್ಗೆ ಬರೆಯಲು ಬಹಳ ಇದೆ.

ಮೆಷಿನ್ ಅಗ್ಗ, ದುಬಾರಿ ಬೀಳುವುದು ಸ್ಟ್ರಿಪ್, ಅಂದರೆ ರಕ್ತದ ಹನಿ ತಾಗಿಸುವ ಚಿಕ್ಕ ಪಟ್ಟಿ. ಕೊಳ್ಳುವ ಮೊದಲು ಮೆಷಿನ್ ಬೆಲೆ ನೋಡಬೇಡಿ, ಐವತ್ತು ಸ್ಟ್ರಿಪ್‌ಗೆ ಎಷ್ಟು ಅಂತ ಕೇಳಿ, ಆ ಸ್ಟ್ರಿಪ್ ಶ್ರೀನಿವಾಸಪುರದ ಅಥವಾ ನಿಮ್ಮ ಹತ್ತಿರದ ಪೇಟೆಯ ಮೆಡಿಕಲ್ ಸ್ಟೋರ್‌ನಲ್ಲಿ ಯಾವಾಗಲೂ ಸಿಗುತ್ತದಾ ಅಂತ ಕೇಳಿ. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರ ಮೆಷಿನ್‌ಗೆ ಆಗುವುದಿಲ್ಲ. ನಾನು ಮೊದಲು ಆಫರ್‌ನಲ್ಲಿ ಸಿಕ್ಕಿತು ಅಂತ ಒಂದು ಮೆಷಿನ್ ಕೊಂಡೆ, ಸ್ಟ್ರಿಪ್ ಖಾಲಿಯಾದಾಗ ಕೋಲಾರದಲ್ಲೂ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದರೆ ನಮ್ಮ ಹಳ್ಳಿಗೆ ಬರಲು ಎಂಟು ದಿನ. ಎರಡನೇ ಸಲ ಪೇಟೆಯ ಅಂಗಡಿಯಲ್ಲಿ ಸ್ಟ್ರಿಪ್ ಯಾವುದು ಜಾಸ್ತಿ ಓಡುತ್ತದೆ ಅಂತ ಕೇಳಿ ಅದರದ್ದೇ ಮೆಷಿನ್ ಕೊಂಡೆ. ನಮಗೆ ಒಂದು ಸ್ಟ್ರಿಪ್ ಹದಿನೆಂಟು ರೂಪಾಯಿ ಬೀಳುತ್ತದೆ. ದಿನಕ್ಕೆ ಎರಡು ಸಲ ನೋಡಿದರೆ ತಿಂಗಳಿಗೆ ಸಾವಿರ ದಾಟುತ್ತದೆ. ಹಳ್ಳಿಯಲ್ಲಿ ಅದು ಸಣ್ಣ ದುಡ್ಡಲ್ಲ. ಅಮ್ಮ ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ, ಮಾತ್ರೆ ಮಾತ್ರ. ಹಾಗಾಗಿ ಡಾಕ್ಟರನ್ನೇ ಕೇಳಿ ವಾರಕ್ಕೆ ಮೂರು ಸಲ ಅಂತ ಮಾಡಿಕೊಂಡೆವು, ಎರಡು ಸಲ ಖಾಲಿ ಹೊಟ್ಟೆಯಲ್ಲಿ, ಒಂದು ಸಲ ಊಟವಾಗಿ ಎರಡು ಗಂಟೆಗೆ. ಮೈಯಲ್ಲಿ ಏನಾದರೂ ವ್ಯತ್ಯಾಸ ಅನಿಸಿದರೆ ಲೆಕ್ಕ ನೋಡದೆ ತಕ್ಷಣ.

ಈಗ ಮಾವಿನ ಹಣ್ಣಿನ ಕಥೆ. ನಮ್ಮ ತಾಲ್ಲೂಕಿನಲ್ಲಿ ಮೇ, ಜೂನ್ ಅಂದರೆ ಮಾವು. ಅಮ್ಮ ಆಗ ಮಂಡಿಗೆ ಕಾಯಿ ಆರಿಸುವ ಕೂಲಿಗೆ ಹೋಗುತ್ತಾಳೆ, ಬಾದಾಮಿ, ತೋತಾಪುರಿ, ಬೇನಿಷಾ ಬೇರೆ ಬೇರೆ ಮಾಡುವ ಕೆಲಸ. ಒಂದು ದಿನ ಸಂಜೆ ಮನೆಗೆ ಬಂದು ಶುಗರ್ ನೋಡಿಕೊಂಡರೆ 312. ಅವಳಿಗೆ ಅಷ್ಟು ಬಂದಿದ್ದೇ ಇಲ್ಲ. ಹೆದರಿ ನನಗೆ ಫೋನ್ ಮಾಡಿದಳು, ನಾನು ಫ್ಯಾಕ್ಟರಿಯಲ್ಲಿ ಕೆಲಸದ ಮೇಲಿದ್ದೆ, ಫೋನ್ ಲಾಕರ್‌ನಲ್ಲಿತ್ತು. ಚಿಕ್ಕಮ್ಮ ಬಂದು ಇನ್ನೊಂದು ಮಾತ್ರೆ ನುಂಗಿಬಿಡು ಅಂದರಂತೆ. ಪುಣ್ಯಕ್ಕೆ ಅಮ್ಮ ನುಂಗುವ ಮೊದಲು ನಮ್ಮೂರಿನ ಆಶಾ ಕಾರ್ಯಕರ್ತೆಗೆ, ನಾವು ಆಶಾ ಅಕ್ಕ ಅನ್ನುತ್ತೇವೆ, ಫೋನ್ ಮಾಡಿದಳು. ಆಶಾ ಅಕ್ಕ ಕೇಳಿದ್ದು ಒಂದೇ ಮಾತು: "ಕೈ ತೊಳ್ಕೊಂಡ್ರಾ ಅಮ್ಮ?"

ತೊಳೆದಿರಲಿಲ್ಲ. ಒಡೆದ ಹಣ್ಣಿನ ರಸ ಬೆರಳಿಗೆ ಅಂಟಿತ್ತು. ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬೇರೆ ಬೆರಳಿಗೆ ಚುಚ್ಚಿ ನೋಡಿದರೆ 171.

ಮೆಷಿನ್ ಸುಳ್ಳು ಹೇಳಿರಲಿಲ್ಲ. ಒಂದು ಸಾಸಿವೆ ಕಾಳಷ್ಟು ರಕ್ತದಲ್ಲಿರುವ ಸಕ್ಕರೆ ಅಳೆಯುವ ಸಾಮಾನು ಅದು, ಬೆರಳ ಮೇಲಿದ್ದ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಅಳೆಯಿತು. ಆದರೆ ಅದನ್ನು ನಂಬಿ ಒಂದು ಮಾತ್ರೆ ಜಾಸ್ತಿ ನುಂಗಿದ್ದರೆ? ಅಮ್ಮ ತೆಗೆದುಕೊಳ್ಳುವುದರಲ್ಲಿ ಗ್ಲಿಮೆಪಿರೈಡ್ ಇದೆ, ಅದು ಶುಗರ್ ತೀರಾ ಇಳಿಸಿಬಿಡಬಲ್ಲ ಮಾತ್ರೆ. ರಾತ್ರಿ ಒಬ್ಬಳೇ ಮಲಗಿರುವಾಗ ಏನು ಗತಿ? ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಕೈ ತಣ್ಣಗಾಗುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಸುಮ್ನೆ ಒರೆಸಿದರೆ ಸಾಲದು, ಹಣ್ಣು ಮುಟ್ಟಿದ ಕೈಯನ್ನು ನೀರು, ಸೋಪು ಹಾಕಿಯೇ ತೊಳೆಯಬೇಕು. ಮಾವು, ದ್ರಾಕ್ಷಿ, ಬೆಲ್ಲ, ಯಾವುದರ ಕೆಲಸ ಮಾಡುವವರಿಗೂ ಇದೇ ಮಾತು. ಮೆಷಿನ್ ಜೊತೆ ಬರುವ ಪುಸ್ತಕದಲ್ಲಿ ಇದು ಇರುತ್ತದೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಈ ಕಂಪನಿಗಳು ಒಂದು ಕನ್ನಡ ಹಾಳೆ, ನಾಲ್ಕು ಚಿತ್ರ ಹಾಕಿ ಡಬ್ಬಿಯಲ್ಲಿ ಇಡಬೇಕು ಅಂತ ನಾನು ಕೇಳಿಕೊಳ್ಳುತ್ತೇನೆ.

ಮೆಷಿನ್ ಎಷ್ಟು ಸರಿ ಅನ್ನುವುದನ್ನೂ ತಿಳಿದಿರಬೇಕು. ಒಳ್ಳೆಯ ಮೆಷಿನ್‌ಗಳಿಗೆ ಐಎಸ್‌ಓ 15197 ಅನ್ನುವ ಮಟ್ಟ ಇದೆ. ಅದರ ಪ್ರಕಾರ ಶುಗರ್ 100ರ ಮೇಲಿದ್ದರೆ ನೂರಕ್ಕೆ ಹದಿನೈದರಷ್ಟು ಆಚೆ ಈಚೆ ಆಗಬಹುದು. ಅಂದರೆ ಲ್ಯಾಬ್‌ನಲ್ಲಿ 200 ಇದ್ದದ್ದು ಮನೆಯಲ್ಲಿ 175 ಅಥವಾ 225 ಬಂದರೆ ಮೆಷಿನ್ ಕೆಟ್ಟಿದೆ ಅಂತ ಅಲ್ಲ. ನಮ್ಮಮ್ಮ ಮೊದಲು ನಿನ್ನೆ 148, ಇವತ್ತು 156 ಅಂತ ಕೊರಗುತ್ತಿದ್ದಳು. ಆ ಎಂಟು ಪಾಯಿಂಟ್‌ಗೆ ಅರ್ಥ ಇಲ್ಲ. ರಕ್ತ ಕಡಿಮೆ ಇರುವ ಹೆಂಗಸರಿಗೆ ಇನ್ನೊಂದು ವಿಷಯ, ರಕ್ತಹೀನತೆ ಇದ್ದರೆ ಬೆರಳಿನ ಮೆಷಿನ್ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ ಆರು ತಿಂಗಳಿಗೆ ಒಂದು ಸಲವಾದರೂ ಲ್ಯಾಬ್‌ನಲ್ಲಿ ರಕ್ತ ಕೊಟ್ಟು ನೋಡಿಸಿ, ಮೂರು ತಿಂಗಳ ಶುಗರ್ ಅನ್ನುತ್ತಾರಲ್ಲ, ಆ ಟೆಸ್ಟ್ ಸಹಿತ.

ಸ್ಟ್ರಿಪ್ ಇಡುವ ಜಾಗದ ವಿಚಾರ. ನಮ್ಮದು ಶೀಟಿನ ಮನೆ, ಏಪ್ರಿಲ್‌ನಲ್ಲಿ ಒಳಗೆ ಕೂರಲು ಆಗುವುದಿಲ್ಲ. ನಮ್ಮ ಸ್ಟ್ರಿಪ್ ಡಬ್ಬಿ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಇದೆ. ಫ್ರಿಜ್‌ನಲ್ಲಿ ಇಟ್ಟರೆ ತೇವ, ಅದೂ ಆಗದು. ಕೊನೆಗೆ ಅಮ್ಮನೇ ಜಾಗ ಹುಡುಕಿದಳು. ಒಳಮನೆಯಲ್ಲಿ ರಾಗಿ ಚೀಲದ ಹಿಂದೆ, ಮಣ್ಣಿನ ಗೋಡೆ ಇನ್ನೂ ಉಳಿದಿರುವ ಮೂಲೆ. ಮನೆಯಲ್ಲಿ ತಂಪಾಗಿರುವುದು ಅದೊಂದೇ. ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಲ್ಲಿಟ್ಟಿದ್ದಾಳೆ. ಸ್ಟ್ರಿಪ್ ತೆಗೆದ ತಕ್ಷಣ ಅದರ ಮುಚ್ಚಳ ಮುಚ್ಚಬೇಕು, ಗಾಳಿ ತಾಗಿದರೆ ಕೆಡುತ್ತದೆ. ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳು ಅಂತ ಅದರ ಮೇಲೆಯೇ ಇರುತ್ತದೆ, ತೆರೆದ ದಿನವನ್ನು ಮಾರ್ಕರ್‌ನಲ್ಲಿ ಬರೆದಿಡಿ.

ಇನ್ನೊಂದು, ದಯವಿಟ್ಟು ಇದನ್ನು ಮರೆಯಬೇಡಿ. ಬೆರಳು ಚುಚ್ಚುವ ಸೂಜಿಯನ್ನಾಗಲಿ, ಆ ಸೂಜಿ ಕೂರಿಸುವ ಪೆನ್ನನ್ನಾಗಲಿ ಇನ್ನೊಬ್ಬರಿಗೆ ಕೊಡಬೇಡಿ, ಗಂಡ ಹೆಂಡತಿ ಆದರೂ ಸರಿ. ರಕ್ತದಿಂದ ಹರಡುವ ಕಾಮಾಲೆ, ಹೆಪಟೈಟಿಸ್ ಬಿ, ಹೀಗೆ ಬರುತ್ತದೆ. ಅಮ್ಮನ ಮೆಷಿನ್ ಬಂದ ಹೊಸದರಲ್ಲಿ ಓಣಿಯವರೆಲ್ಲ ನನಗೂ ನೋಡು ಅಂತ ಕೈ ಚಾಚುತ್ತಿದ್ದರು, ಅಮ್ಮನಿಗೆ ಇಲ್ಲ ಅನ್ನಲು ಸಂಕೋಚ. ಬಿಪಿ ಮೆಷಿನ್ ಎಷ್ಟು ಜನ ಬೇಕಾದರೂ ಬಳಸಲಿ, ಶುಗರ್ ಪೆನ್ನು ಮಾತ್ರ ಅವರವರದ್ದೇ. ಬಳಸಿದ ಸೂಜಿಗಳನ್ನು ಅಮ್ಮ ಒಂದು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ತುಂಬಿದ ಮೇಲೆ ಸಬ್‌ಸೆಂಟರ್‌ಗೆ ಕೊಡುತ್ತಾಳೆ. ತಿಪ್ಪೆಗೆ ಎಸೆದರೆ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಚುಚ್ಚುತ್ತದೆ.

ಶುಗರ್ 70ಕ್ಕಿಂತ ಕೆಳಗೆ ಬಂದರೆ ಏನು ಮಾಡಬೇಕು ಅಂತ ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದೇನೆ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು, ಆಮೇಲೆ ಏನಾದರೂ ತಿನ್ನುವುದು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದನ್ನು ಚಿಕ್ಕಮ್ಮನಿಗೂ ಹೇಳಿದ್ದೇನೆ.

ಮಧ್ಯೆ ಒಂದು ಸಲ ತೋಳಿಗೆ ಅಂಟಿಸುವ ಪ್ಯಾಚ್ ಕೂಡ ಹಾಕಿಸಿದೆ. ಹದಿನಾಲ್ಕು ದಿನ ಇರುತ್ತದೆ, ಬೆರಳು ಚುಚ್ಚದೆ ಹಗಲು ರಾತ್ರಿ ಶುಗರ್ ಫೋನಿಗೆ ಬರುತ್ತದೆ. ಬೋನಸ್ ಬಂದಿತ್ತು, ಐದು ಸಾವಿರದ ಹತ್ತಿರ ಕೊಟ್ಟು ತಂದೆ. ನನ್ನ ಹಳೆಯ ಸ್ಮಾರ್ಟ್‌ಫೋನ್ ಅಮ್ಮನ ಪಕ್ಕದಲ್ಲಿ ಇಟ್ಟು ಬಂದೆ, ಅದರಿಂದ ನನ್ನ ಫೋನಿಗೆ ಬರುವ ಹಾಗೆ. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಅಲಾರಂ ಬಂತು, 58. ನಾನು ಸೆಕೆಂಡ್ ಶಿಫ್ಟ್ ಮುಗಿಸಿ ರೂಮಿಗೆ ಬಂದು ಆಗಷ್ಟೇ ಮಲಗಿದ್ದೆ. ಅಮ್ಮನ ಫೋನ್ ಎತ್ತುತ್ತಿಲ್ಲ. ಚಿಕ್ಕಮ್ಮನಿಗೆ ಮಾಡಿದೆ, ಅವರು ಟಾರ್ಚ್ ಹಿಡಿದು ಓಡಿ ಹೋಗಿ ಬಾಗಿಲು ಬಡಿದು ಎಬ್ಬಿಸಿದರು. ಬೆರಳು ಚುಚ್ಚಿ ನೋಡಿದರೆ 117. ಅಮ್ಮ ಎಡ ಮಗ್ಗುಲಾಗಿ, ಪ್ಯಾಚ್ ಇರುವ ತೋಳಿನ ಮೇಲೇ ಮಲಗಿದ್ದಳು. ತೋಳು ಒತ್ತಿಕೊಂಡರೆ ಅಲ್ಲಿನ ಶುಗರ್ ಕಡಿಮೆ ತೋರಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಪ್ಯಾಚ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರಿನಂಶವನ್ನು, ಹಾಗಾಗಿ ಬೆರಳಿನ ರೀಡಿಂಗ್‌ಗಿಂತ ಹತ್ತು ಹದಿನೈದು ನಿಮಿಷ ಹಿಂದೆಯೂ ಇರಬಹುದು.

ಆದರೂ ಆ ಹದಿನಾಲ್ಕು ದಿನ ದಂಡವಾಗಲಿಲ್ಲ. ಎರಡು ವಿಷಯ ಕಣ್ಣಿಗೆ ಕಂಡಿತು. ಅಮ್ಮ ರಾಗಿ ಮುದ್ದೆ ತಿಂದರೆ ಶುಗರ್ ಬರುವುದಿಲ್ಲ ಅಂತ ನಂಬಿ ದೊಡ್ಡ ಎರಡು ಮುದ್ದೆ ಉಣ್ಣುತ್ತಿದ್ದಳು, ಅದಾದ ಮೇಲೆ 240ರ ತನಕ ಏರುತ್ತಿತ್ತು. ಒಂದೇ ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು, ಕಾಳಿನ ಪಲ್ಯ ಜಾಸ್ತಿ ಮಾಡಿಕೊಂಡ ದಿನ 180 ದಾಟಲಿಲ್ಲ. ಮುದ್ದೆ ಬಿಡು ಅಂತ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ, ಗೆರೆ ಏರಿ ಇಳಿದದ್ದನ್ನು ಅವಳೇ ನೋಡಿ ಅಳತೆ ಕಡಿಮೆ ಮಾಡಿದಳು. ಎರಡನೆಯದು, ಶನಿವಾರ ಒಪ್ಪತ್ತು ಮಾಡಿ ಮಾತ್ರೆ ಮಾತ್ರ ನುಂಗುತ್ತಿದ್ದಳು. ಆವತ್ತು ಸಂಜೆ ಶುಗರ್ ನಿಜವಾಗಿಯೂ 66ಕ್ಕೆ ಇಳಿಯಿತು, ಬೆರಳಿನಲ್ಲೂ ಅಷ್ಟೇ ಬಂತು. ಒಪ್ಪತ್ತಿನ ದಿನ ಮಾತ್ರೆ ಹೇಗೆ ಅಂತ ಡಾಕ್ಟರನ್ನು ಕೇಳಿ ಸರಿ ಮಾಡಿಕೊಂಡೆವು. ಕೊಟ್ಟಿಗೆಯಲ್ಲಿ ಕೂತುಬಿಟ್ಟ ದಿನವೂ ಶನಿವಾರವೇ ಆಗಿತ್ತು. ದುಡ್ಡು ಇರುವವರು ವರ್ಷಕ್ಕೆ ಒಂದು ಸಲ ಡಾಕ್ಟರ್ ಹೇಳಿದರೆ ಹಾಕಿಸಿ ನೋಡಿ. ಸದಾ ಹಾಕಿಸುವುದು ನಮ್ಮಂಥವರ ಕೈಲಾಗುವ ಮಾತಲ್ಲ.

ಒಂದು ಆ್ಯಪ್ ಸೇವೆಗೂ ಮೂರು ತಿಂಗಳು ದುಡ್ಡು ಕಟ್ಟಿದ್ದೆ. ಹೆಸರು ಬೇಡ. ರೀಡಿಂಗ್ ಹಾಕಿದರೆ ನಿಮ್ಮ ಕೋಚ್ ಫೋನ್ ಮಾಡುತ್ತಾರೆ ಅಂದಿದ್ದರು. ಒಂದು ದಿನ ಶುಗರ್ 288 ಹಾಕಿದೆ, ಯಾರೂ ಮಾಡಲಿಲ್ಲ, ಚೆನ್ನಾಗಿ ನೀರು ಕುಡಿಯಿರಿ ಅಂತ ಇಂಗ್ಲಿಷ್ ಮೆಸೇಜ್ ಬಂತು. ಊಟದ ಪಟ್ಟಿಯಲ್ಲಿ ಓಟ್ಸ್ ಇತ್ತು, ಮುದ್ದೆ ಇರಲಿಲ್ಲ. ಪ್ರತಿ ಸಲ ಒಟಿಪಿ. ಅಮ್ಮನ ಒಂದೂ ಪ್ರಶ್ನೆಗೆ ಅವಳ ಮಾತಿನಲ್ಲಿ ಉತ್ತರ ಸಿಗಲಿಲ್ಲ. ನಿಲ್ಲಿಸಿದೆ.

ನಿಜವಾಗಿ ಕೆಲಸಕ್ಕೆ ಬಂದಿದ್ದು ಒಂದು ರೂಲ್ ನೋಟ್‌ಬುಕ್. ಅದರ ಬಗ್ಗೆಯೂ ಬರೆಯುತ್ತೇನೆ. ಸೂರ್ಯನ ಚಿತ್ರದ ಸಾಲು ಬೆಳಗ್ಗಿನದ್ದು, ಚಂದ್ರನ ಸಾಲು ಸಂಜೆಯದ್ದು, ತಟ್ಟೆಯ ಚಿತ್ರ ಊಟ ಆದ ಮೇಲಿನದ್ದು. ಅಮ್ಮ ಅಂಕಿ ನೋಡಿ ಅಂಕಿ ಬರೆಯುತ್ತಾಳೆ. ರಟ್ಟಿನ ಮೇಲೆ ಅವಳ ಹದಿನಾಲ್ಕು ಅಂಕಿಯ ಆಭಾ ನಂಬರ್ (ಸರ್ಕಾರದ ಆರೋಗ್ಯ ಖಾತೆಯ ನಂಬರ್), ಮಾತ್ರೆಗಳ ಹೆಸರು, ನನ್ನ ಫೋನ್ ನಂಬರ್. ಭಾನುವಾರ ಫೋನ್‌ನಲ್ಲಿ ಓದಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಈ ಪುಸ್ತಕವನ್ನು ಆಶಾ ಅಕ್ಕ ನೋಡುತ್ತಾರೆ, ಸಬ್‌ಸೆಂಟರ್‌ನಲ್ಲಿ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ನೋಡುತ್ತಾರೆ, ಪಿಎಚ್‌ಸಿ ಡಾಕ್ಟರ್ ನೋಡುತ್ತಾರೆ. ಪಾಸ್‌ವರ್ಡ್ ಬೇಡ.

ಸರ್ಕಾರದ ಕಡೆಯಿಂದ ಇರುವುದನ್ನೂ ತಿಳಿದುಕೊಳ್ಳಿ, ಬಹಳ ಜನ ಬಳಸುವುದೇ ಇಲ್ಲ. ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಶುರುವಾಗಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. 30 ವರ್ಷ ದಾಟಿದವರ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಬಗ್ಗೆಯೂ ವಿಚಾರಿಸುತ್ತಾರೆ. ಬಿಪಿ, ಶುಗರ್ ಮಾತ್ರೆ ಪಿಎಚ್‌ಸಿಯಲ್ಲಿ ಪುಕ್ಕಟೆ. ನಮ್ಮ ಓಣಿಯಲ್ಲಿ ಹೀಗೆ ನೋಡಿದಾಗಲೇ ಇಬ್ಬರಿಗೆ ಬಿಪಿ ಇರುವುದು ಮೊದಲ ಸಲ ಗೊತ್ತಾಯಿತು, ಅವರಿಗೆ ಒಂದು ದಿನ ತಲೆನೋವು ಕೂಡ ಬಂದಿರಲಿಲ್ಲ. 2023ರಲ್ಲಿ ಬಂದ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ ಅಂದಿತ್ತು. ಬಿಪಿ ದೊಡ್ಡವರಲ್ಲಿ ನೂರಕ್ಕೆ ಮೂವತ್ತೈದು ಜನಕ್ಕೆ. ನಮ್ಮ ಓಣಿಯಲ್ಲಿ ಇಪ್ಪತ್ತು ಮನೆ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗದೆ ಉಳಿದವರು ಇನ್ನೂ ಇದ್ದಾರೆ ಅಲ್ವಾ?

ಸಬ್‌ಸೆಂಟರ್‌ನಲ್ಲಿ ಇ-ಸಂಜೀವಿನಿ ಅಂತ ಇದೆ, 2019ರಿಂದ ದೇಶದಲ್ಲಿ ನಡೆಯುತ್ತಿದೆ. ಸಿಎಚ್‌ಓ ಟ್ಯಾಬ್ ಮುಂದೆ ಕೂರಿಸಿ ಬೇರೆ ಊರಿನ ಡಾಕ್ಟರ್ ಜೊತೆ ವಿಡಿಯೋದಲ್ಲಿ ಮಾತಾಡಿಸುತ್ತಾರೆ, ದುಡ್ಡಿಲ್ಲ. ಅಮ್ಮನಿಗೆ ಪಾದ ಮರಗಟ್ಟಿದಂತೆ ಅನಿಸಿದಾಗ ಹೀಗೇ ತೋರಿಸಿದೆವು. ಡಾಕ್ಟರ್ ಮೊದಲು ಕೇಳಿದ್ದೇ ಹಿಂದಿನ ರೀಡಿಂಗ್‌ಗಳನ್ನು. ಸಿಎಚ್‌ಓ ನೋಟ್‌ಬುಕ್ ತೆಗೆದು ಕ್ಯಾಮೆರಾ ಮುಂದೆ ಹಿಡಿದರು, ಅವರು ಮೂರು ಹಾಳೆ ಓದಿ ಆಮೇಲೆ ಮಾತಾಡಿದರು. ಕಣ್ಣು ಮತ್ತು ಪಾದ ವರ್ಷಕ್ಕೊಮ್ಮೆ ನೋಡಿಸಲೇಬೇಕು ಅಂದರು. ಅದಕ್ಕೆ ಮನೆ ಮೆಷಿನ್ ಇಲ್ಲ, ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ ಬಂದೆವು.

ಒಂದು ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಇದೆಲ್ಲ ನಿಂತಿರುವುದು ಆಶಾ ಅಕ್ಕಂದಿರ ಕಾಲ ಮೇಲೆ. ಬಿಸಿಲಲ್ಲಿ ಮನೆ ಮನೆ ತಿರುಗಿ, ರಾತ್ರಿ ಕೂತು ಫೋನಿನಲ್ಲಿ ಎಂಟ್ರಿ ಮಾಡುತ್ತಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂತಿದ್ದರು, ಗೌರವಧನ ಜಾಸ್ತಿ ಮಾಡಿ ಅಂತ. ಮಾವಿನ ಹಣ್ಣಿನ ದಿನ ಕೈ ತೊಳೆದಿರಾ ಅಂತ ಕೇಳಿದವರು ಅವರೇ. ಆ ಪ್ರಶ್ನೆ ನನ್ನ ಯಾವ ಮೆಷಿನ್‌ಗೂ ಕೇಳಲು ಬರುತ್ತಿರಲಿಲ್ಲ, ಮೂರು ತಿಂಗಳು ದುಡ್ಡು ಕಟ್ಟಿದ ಆ್ಯಪ್‌ಗೂ ಬರುತ್ತಿರಲಿಲ್ಲ. ಅವರಿಗೆ ಕೊಡುವ ದುಡ್ಡು ಕಡಿಮೆ, ಬಹಳ ಕಡಿಮೆ.

ಹೊಸದಾಗಿ ಕೊಳ್ಳುವವರು ಕೇಳಿದರೆ ನನ್ನ ಲೆಕ್ಕ ಇಷ್ಟೇ. ಮೂರು ಸಾವಿರ ಇದ್ದರೆ ತೋಳಿಗೆ ಕಟ್ಟುವ ಬಿಪಿ ಮೆಷಿನ್, ಪೇಟೆಯಲ್ಲಿ ಸ್ಟ್ರಿಪ್ ಸಿಗುವ ಶುಗರ್ ಮೆಷಿನ್, ಒಂದು ನೋಟ್‌ಬುಕ್. ದುಡ್ಡು ಅಷ್ಟಿಲ್ಲ, ಬಿಪಿ ಮಾತ್ರ ಇದೆ ಅಂದರೆ ನಾಲ್ಕು ಮನೆ ಸೇರಿ ಒಂದು ಬಿಪಿ ಮೆಷಿನ್ ಕೊಳ್ಳಿ, ಪುಸ್ತಕ ಮಾತ್ರ ಬೇರೆ ಬೇರೆ ಇರಲಿ. ಕೊಟ್ಟು ಬಂದುಬಿಡಬೇಡಿ. ಒಂದು ವಾರ ಜೊತೆಯಲ್ಲಿದ್ದು, ಅವರ ಕೈಯಲ್ಲೇ ಮಾಡಿಸಿ, ನೀವು ಕೈ ಹಾಕದೆ ಪಕ್ಕದಲ್ಲಿ ಕೂತು ನೋಡಿ. ನಾನು ರಜೆ ಸಿಗದೆ ಎರಡೇ ದಿನದಲ್ಲಿ ವಾಪಸ್ ಬಂದೆ, ಕೈ ತೊಳೆಯುವ ಮಾತು ಹೇಳುವುದು ಬಿಟ್ಟುಹೋಗಿದ್ದು ಅದಕ್ಕೇ.

ನಮ್ಮ ಬಿಪಿ ಮೆಷಿನ್ ಈಗ ಐದು ಮನೆಗೆ ಹೋಗಿ ಬರುತ್ತದೆ. ಮಾವ ತಮ್ಮ ಅಳತೆಯ ಪಟ್ಟಿ ಬೇರೆ ತರಿಸಿಕೊಂಡಿದ್ದಾರೆ. ಮೂರು ಸಲ ಸೆಲ್ ಬದಲಾಯಿಸಿದ್ದೇವೆ, ಮೂರನೇ ಸಲದ್ದಕ್ಕೆ ಚಿಕ್ಕಮ್ಮ ದುಡ್ಡು ಕೊಟ್ಟರು. ಅಮ್ಮನ ಮೊದಲನೇ ನೋಟ್‌ಬುಕ್ ಮುಗಿಯಿತು, ಎರಡನೆಯದಕ್ಕೆ ಸೂರ್ಯ ಚಂದ್ರ ಅವಳೇ ಬರೆದುಕೊಂಡಿದ್ದಾಳೆ.